ಆದಪ್ಪನ ಲಾ ಎಂಟ್ರೆನ್ಸು

ಮಸ್ಕಿ ಬಸ್ ನಿಲ್ದಾಣದ ಎದುರು ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ಆದಪ್ಪ ಕಾನೂನು ಓದಬೇಕೆಂದು ತೀರ್ಮಾನಿಸಿದ್ದು ಹೋಳಿಗೆ ತಿನ್ನುವಾಗ. ಅದಕ್ಕೆ ಒಂದು ತುತ್ತು ಮೊದಲು ಅವನ ತಲೆಯಲ್ಲಿ ಅಂಥ ವಿಚಾರ ಯಾವುದೂ ಇರಲಿಲ್ಲ.

ಲಿಂಗಸುಗೂರಿನಲ್ಲಿ ಹೆಂಡತಿ ಉಮಾದೇವಿಯ ಕಡೆಯವರ ನಿಶ್ಚಿತಾರ್ಥ. ಊಟದ ಸಾಲಿನಲ್ಲಿ ಆದಪ್ಪನ ಪಕ್ಕಕ್ಕೆ ಉಮಾದೇವಿಯ ದೊಡ್ಡಪ್ಪನ ಮಗ ಅಮರೇಶ ಕುಳಿತಿದ್ದ. ಅವನು ಅಲ್ಲಿನ ಕೋರ್ಟಿನಲ್ಲಿ ವಕೀಲ. ಪಲ್ಯ ಕೇಳುವಾಗಲೂ ನ್ಯಾಯಾಧೀಶರ ಮುಂದೆ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡು ಕೇಳುವ ಮನುಷ್ಯ. ಯಾರೋ ತಮ್ಮ ಪಕ್ಕದ ಮನೆಯವರು ಗೋಡೆಯನ್ನು ಒಂದು ಮೊಳ ಒಳಗೆ ತಂದು ಕಟ್ಟಿದ ಸಂಗತಿ ಎತ್ತಿದರು. ಆದಪ್ಪ ಕೂಡಲೇ ಪರಿಹಾರ ಹೇಳಿದ.

"ಮೊದಲ ಗ್ವಾಡಿ ಕೆಡವಿಬಿಡ್ರಿ. ಕೋರ್ಟು ಕಚೇರಿ ಆಮ್ಯಾಲ."

ಅಮರೇಶ ನಕ್ಕ. "ಮಾವ, ನೀವು ಪಂಪಿನ ವಾಸರ್ ಹಾಕ್ರಿ. ಕಾನೂನು ನಮಗ ಬಿಡ್ರಿ."

ಸಾಲಿಗೆ ಸಾಲೇ ನಕ್ಕಿತು. ಬಡಿಸುತ್ತಿದ್ದವನೂ ನಗುತ್ತ ನಗುತ್ತ ಆದಪ್ಪನ ಹೋಳಿಗೆಗೆ ತುಪ್ಪ ಹಾಕುವುದನ್ನು ಮರೆತು ಮುಂದಿನ ಎಲೆಗೆ ಹೋದ. ಮಾತನ್ನು ಆದಪ್ಪ ಹೇಗೋ ನುಂಗುತ್ತಿದ್ದನೇನೋ. ತುಪ್ಪ ತಪ್ಪಿದ್ದನ್ನು ನುಂಗಲಾಗಲಿಲ್ಲ.

"ನಾನೂ ಲಾ ಎಂಟ್ರೆನ್ಸ್ ಬರಿಯಾಕತ್ತೀನಿ," ಎಂದುಬಿಟ್ಟ.

ಆ ಎರಡು ಪದಗಳನ್ನು ಅವನು ಕಲಿತದ್ದು ಮಗಳಿಂದ. ದೀಪಿಕಾ ದಿನಾ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಎರಡನೇ ಪಿಯುಸಿ ಓದುತ್ತಿದ್ದಳು. ಐದು ವರ್ಷದ ಕಾನೂನು ಪದವಿಗೆ ಸೇರಲು ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ಪ್ರವೇಶ ಪರೀಕ್ಷೆಗೆ ಮನೆಯಲ್ಲೇ ಕೂತು ತಯಾರಿ ನಡೆಸಿದ್ದಳು.

"ಈ ವಯಸ್ಸಿನ್ಯಾಗ?" ಎಂದ ಅಮರೇಶ.

"ವಯಸ್ಸಿನ ಮಿತಿ ಇಲ್ಲ. ನೀ ವಕೀಲ ಆಗಿ ಇಷ್ಟೂ ಗೊತ್ತಿಲ್ಲೇನು?"

ಇದನ್ನೂ ದೀಪಿಕಾಳೇ ಎಂದೋ ಹೇಳಿದ್ದಳು. ಅಮರೇಶ ತನ್ನ ಹೋಳಿಗೆ ಮುರಿಯತೊಡಗಿದ. ಆದಪ್ಪನ ಎಲೆಗೆ ತುಪ್ಪ ಬಂತು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಎದುರು ಸಾಲಿನಲ್ಲಿ ಉಮಾದೇವಿಯ ಚಿಗವ್ವ ಅಮರಮ್ಮ ಕೂತಿದ್ದಳು. ಪಾಮನಕಲ್ಲೂರಿನವಳು. ಕಿವಿ ಸ್ವಲ್ಪ ಮಂದ, ಬಾಯಿ ಬಹಳ ಚುರುಕು. ಅವಳ ಊರಿನಲ್ಲಿ ಆ ವಾರವೆಲ್ಲ ಕೃಷಿ ಇಲಾಖೆಯ ಆಟೋ ಮೈಕು ಕಟ್ಟಿಕೊಂಡು, ಜೋಳಕ್ಕೆ ಬೆಳೆವಿಮೆ ಮಾಡಿಸಿರಿ, ಇನ್ಶೂರೆನ್ಸ್ ಬರೆಸಿರಿ ಎಂದು ಸಾರುತ್ತಿತ್ತು. ಹೀಗಾಗಿ 'ಎಂಟ್ರೆನ್ಸ್ ಬರಿಯಾಕತ್ತೀನಿ' ಎಂದದ್ದು ಅವಳ ಕಿವಿಗೆ 'ಇನ್ಶೂರೆನ್ಸ್ ಬರಿಯಾಕತ್ತೀನಿ' ಎಂದೇ ಬಿತ್ತು. ಊರಿಗೆ ಹೋದವಳು ಚೀಲ ಇಳಿಸುವ ಮೊದಲೇ ಓಣಿಯವರಿಗೆ ಸುದ್ದಿ ಇಳಿಸಿದಳು: "ನಮ್ಮ ಉಮಾನ ಗಂಡ ಮಸ್ಕಿಯಾಗ ಇನ್ಶೂರೆನ್ಸ್ ಬರಿಯಾಕತ್ತಾನ. ಬ್ಯಾಂಕಿನ ಮುಂದ ಪಾಳಿ ಹಚ್ಚಬ್ಯಾಡ್ರಿ. ಮನಿ ಮನುಷ್ಯಾ ಅದಾನ."

ಇತ್ತ ಮಸ್ಕಿಯಲ್ಲಿ ಮಗಳು ಅಪ್ಪನ ವಿಚಾರಣೆ ನಡೆಸುತ್ತಿದ್ದಳು.

"ಅಪ್ಪ, ನೀ ಖರೇನ ಬರೀತೀ?"

"ನಾಕು ಮಂದಿ ಮುಂದ ಅಂದೀನಿ. ಇನ್ನ ಬರಿಲಿಕ್ಕ ಬೇಕು."

"ಪರೀಕ್ಷಾ ಇಂಗ್ಲಿಷಿನ್ಯಾಗ ಇರ್ತೈತಿ."

"ಇರ್ಲಿ. ಔಷಧ ಡಬ್ಬಿ ಮ್ಯಾಲಿನ ಇಂಗ್ಲಿಷು ಈ ಊರಾಗ ಎಲ್ಲಾರಿಗೂ ಯಾರು ಓದಿ ಹೇಳ್ತಾರ?"

ಅದು ನಿಜವೇ. ಮಕ್ಕಳ ಕೈಗೆ ಸಿಗದಂತೆ ಇಡಿ, ಗಾಳಿಗೆ ಎದುರಾಗಿ ಸಿಂಪಡಿಸಬೇಡಿ, ಹೊಟ್ಟೆಗೆ ಹೋದರೆ ತಕ್ಷಣ ವೈದ್ಯರನ್ನು ಕಾಣಿ, ಇಷ್ಟನ್ನು ಆದಪ್ಪ ಇಂಗ್ಲಿಷಿನಲ್ಲಿ ಎಲ್ಲೂ ತಡವರಿಸದೆ ಓದಬಲ್ಲ. ದುರದೃಷ್ಟವಶಾತ್ ಕಾನೂನು ಶಾಲೆಯವರು ಈಚಿನ ವರ್ಷಗಳಲ್ಲಿ ಈ ಭಾಗದಿಂದ ಪ್ರಶ್ನೆ ಕೇಳಿರಲಿಲ್ಲ.

ದೀಪಿಕಾ ಒಂದು ಮಾದರಿ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದಳು. ಆದಪ್ಪ ಒಂದನ್ನೂ ಬಿಡದೆ ಎಲ್ಲದಕ್ಕೂ ಧೈರ್ಯವಾಗಿ ಗುರುತು ಹಾಕಿದ. ಮಗಳು ತಿದ್ದಿದಳು. ಎರಡು ಸಲ ಕೂಡಿಸಿ ನೋಡಿದಳು.

"ಅಪ್ಪ, ನಿನಗ ಸೊನ್ನಿಗಿಂತ ಎರಡು ಕಡಿಮಿ ಬಂದೈತಿ."

"ಸೊನ್ನಿಗಿಂತ ಕಡಿಮಿ ಹೆಂಗ ಬರ್ತೈತಿ?"

"ತಪ್ಪು ಬರದ್ರ ಮಾರ್ಕ್ಸ್ ಕಡಿತಾರ."

ಆದಪ್ಪ ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ ನೋಡಿದ. "ಹಂಗಂದ್ರ ನಾ ಏನೂ ಬರಿಲಾರದ ಸುಮ್ನ ಕುಂತಿದ್ರ ಹೆಚ್ಚು ಬರ್ತಿತ್ತು?"

"ಹೌದು. ಎರಡು ಹೆಚ್ಚು ಬರ್ತಿತ್ತು."

ಒಳಗೆ ರೊಟ್ಟಿ ಬಡಿಯುತ್ತಿದ್ದ ಉಮಾದೇವಿಯ ಕೈ ನಿಂತಿತು. "ಗೊತ್ತಿಲ್ಲದ್ದು ಹೇಳಿದ್ರ ಕಡಿತಾರಂತ? ಎಂಥಾ ಚಲೋ ಕಾನೂನ ರೀ ಅದು! ನಮ್ಮ ಮನ್ಯಾಗೂ ತರ್ರಿ," ಎಂದಳು.

ಮರುದಿನ ದೀಪಿಕಾ ಕಾಲೇಜಿಗೆ ಹೋದ ಮೇಲೆ ಆದಪ್ಪ ಅವಳ ಒಂದು ಪುಸ್ತಕವನ್ನು ಅಂಗಡಿಗೆ ಒಯ್ದ. ಒಂದು ಕೈಯಲ್ಲಿ ಪಂಪಿನ ನಳಿಗೆ, ಇನ್ನೊಂದು ಕೈಯಲ್ಲಿ ಕಾನೂನು. ಅಷ್ಟರಲ್ಲಿ ಪಾಮನಕಲ್ಲೂರಿನಿಂದ ದಾವಲ್‌ಸಾಬ್ ಮತ್ತು ಬಾಬುಸಾಬ್ ಬಂದರು. ಇಬ್ಬರೂ ವಯಸ್ಸಾದ ರೈತರು. ಇಬ್ಬರ ಕಂಕುಳಲ್ಲೂ ಪ್ಲಾಸ್ಟಿಕ್ ಚೀಲ.

"ಆದಪ್ಪಣ್ಣ, ನೀವು ಬರಿಯಾಕತ್ತೀರಂತಲ್ಲ. ಅಮರಮ್ಮಾಯಿ ಹೇಳಿದ್ಲು," ಎಂದ ದಾವಲ್‌ಸಾಬ್.

ತನ್ನ ಕೀರ್ತಿ ಪಾಮನಕಲ್ಲೂರು ಮುಟ್ಟಿತೆಂದು ಆದಪ್ಪನ ಎದೆ ಉಬ್ಬಿತು. "ಹೌದು ಕಾಕಾ. ಬರಿಯಾಕತ್ತೀನಿ."

"ಕೊನೀ ತಾರೀಖು ಹದಿನೈದ ಹೌದಲ್ರೀ?"

"ಹದಿನೈದ. ಅದನ್ನ ದಾಟಿದ್ರ ಯಾರೂ ಕೇಳಂಗಿಲ್ಲ."

"ಆಧಾರ ಬೇಕಾ?"

"ಆಧಾರನೂ ಬೇಕು, ಫೋಟೋನೂ ಬೇಕು."

"ನಮಗ ವಯಸ್ಸಾಗೈತಿ. ನಡೀತೈತ್ರೀ?" ಎಂದ ಬಾಬುಸಾಬ್.

"ಅದಕ್ಕ ವಯಸ್ಸಿಲ್ಲ ಕಾಕಾ. ಯಾರರ ಹಾಕಬಹುದು."

"ಎಲ್ಲಾರಿಗೂ ಬರ್ತೈತಾ?"

"ಅದೆಲ್ಲಿ ಬರ್ತೈತಿ? ಸಾವಿರ ಮಂದಿ ಹಾಕಿದ್ರ ನಾಕು ಮಂದಿಗೆ ಬಂದ್ರ ಪುಣ್ಯ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಅವರ ಅನುಭವವೂ ಹೆಚ್ಚುಕಡಿಮೆ ಅದೇ ಆಗಿತ್ತು.

"ಖರೇ ಮನುಷ್ಯಾ," ಎಂದ ದಾವಲ್‌ಸಾಬ್. "ಉಳಿದವರು ಎಲ್ಲಾರಿಗೂ ಬರ್ತೈತಿ ಅಂತಾರ. ನಮ್ಮವೂ ನೀವ ಹಾಕಿಬಿಡ್ರಿ ಅಣ್ಣ." ಇಬ್ಬರೂ ಚೀಲ ಮೇಜಿನ ಮೇಲಿಟ್ಟು, ಚಹಾ ಕುಡಿದು ಹೋದರು.

ಆದಪ್ಪ ಆ ಚೀಲಗಳನ್ನು ನೋಡುತ್ತ ಕುಳಿತ. ಈ ವಯಸ್ಸಿನಲ್ಲಿ ಕಾನೂನು ಓದುವ ಹಂಬಲ! ತಾನು ಹಚ್ಚಿದ ದೀಪ ಎಲ್ಲಿಯವರೆಗೆ ಬೆಳಗಿತು ಎಂದು ಅವನ ಕಣ್ಣು ತೇವವಾದವು. ಬೇರೆಯವರ ಕಾಗದ ಬಿಚ್ಚಿ ನೋಡುವುದು ಕಾನೂನು ಓದುವವನಿಗೆ ತಕ್ಕದ್ದಲ್ಲವೆಂದು ಚೀಲಗಳನ್ನು ಹಾಗೆಯೇ ಕಪಾಟಿನಲ್ಲಿಟ್ಟ. ಆ ವಾರ ಮುಗಿಯುವುದರೊಳಗೆ ಕಪಾಟು ತುಂಬಿತು. ಲಿಂಗಸುಗೂರಿಗೆ ಫೋನು ಹಚ್ಚಿ, "ಅಮರೇಶಾ, ಇನ್ನ ಮುಂದ ನಿಮ್ಮ ಕೋರ್ಟಿನ್ಯಾಗ ಜಾಗಾ ಸಾಲಂಗಿಲ್ಲ ನೋಡು. ಅರ್ಧ ಪಾಮನಕಲ್ಲೂರು ಲಾ ಬರಿಯಾಕತ್ತೈತಿ," ಎಂದ. ಅಮರೇಶ, "ಮಾವ, ಆರಾಮ ಅದೀರಿಲ್ಲೋ?" ಎಂದು ಮೆತ್ತಗೆ ಕೇಳಿದ.

ಇಷ್ಟು ಮಂದಿ ನಂಬಿ ಬಂದ ಮೇಲೆ ಅವರನ್ನು ಸೊನ್ನೆಗಿಂತ ಕೆಳಗೆ ಇಳಿಯಲು ಬಿಡುವುದು ಸರಿಯೇ? ಆದಪ್ಪ ಅಂಗಡಿಯ ಮುಂದೆ ತಾಡಪತ್ರಿ ಹಾಸಿ, ಮಧ್ಯಾಹ್ನದ ಹೊತ್ತು ತರಗತಿ ಶುರುಮಾಡಿದ. ರೈತರು ಒಬ್ಬರೂ ಏಕೆಂದು ಕೇಳಲಿಲ್ಲ. ಸರ್ಕಾರದ ಯಾವ ಯೋಜನೆಗಾದರೂ ಮೊದಲು ತರಬೇತಿ ಎಂಬುದೊಂದು ಇದ್ದೇ ಇರುತ್ತದೆ. ಅದಕ್ಕೆ ಕೂತು ಎದ್ದರೇ ಹಣ ಬರುವುದು ಎಂದು ಅವರಿಗೆ ಗೊತ್ತು. ಬಂದವರು ತಾವಾಗಿಯೇ ಒಂದು ಹಾಳೆ ಕೇಳಿ ಪಡೆದು ಸಹಿ ಹಾಕಿದರು. ಊಟ ಎಷ್ಟು ಹೊತ್ತಿಗೆ ಎಂದೂ ವಿಚಾರಿಸಿದರು.

ಆದಪ್ಪ ಪುಸ್ತಕ ಹಿಡಿದು ನಿಂತ. "ಕೇಳ್ರಿ. ಒಬ್ಬನ ಕೋಣ ಹಗ್ಗ ಹರಕೊಂಡು ಹೋಗಿ ಇನ್ನೊಬ್ಬನ ಜೋಳ ತಿಂತು. ನಷ್ಟ ಯಾರು ತುಂಬಿಕೊಡಬೇಕು?"

"ಸರ್ಕಾರ!" ಎಂದಿತು ಇಡೀ ತಾಡಪತ್ರಿ.

"ಉತ್ತರದಾಗ ಸರ್ಕಾರ ಅಂಬೋದು ಇಲ್ಲ. ಕೋಣದ ಮಾಲಕ ಕೊಡಬೇಕು."

ಗುಜುಗುಜು ಎದ್ದಿತು. ಬಾಬುಸಾಬ್ ಎದ್ದು ನಿಂತ. "ಮಾಲಕನ ಕೊಡಂಗಿದ್ರ ನಾವು ಇಲ್ಲಿ ಯಾಕ ಕುಂತೀವ್ರೀ?"

ಪ್ರಶ್ನೆ ಬಹಳ ಆಳವಾದದ್ದೆಂದು ಆದಪ್ಪನಿಗೆ ತೋರಿತು. ನ್ಯಾಯ ತಾನಾಗಿ ಸಿಗುವುದಾದರೆ ವಕೀಲರೇಕೆ ಬೇಕು! "ಕಾಕಾ, ಇದನ್ನ ಕೇಳೋ ನೀವ ಪಾಸಾಗ್ತೀರಿ," ಎಂದು ಮೆಚ್ಚಿ ಬೆನ್ನು ತಟ್ಟಿದ. ತನ್ನದು ಮಂಜೂರಾಯಿತೆಂದು ಬಾಬುಸಾಬ್ ಖುಷಿಯಿಂದ ಊರಿಗೆ ಹೋದ. ಮರುದಿನ ಇನ್ನಷ್ಟು ಜನ ಬಂದರು.

ಹೀಗೆ ಹದಿನೈದನೆಯ ತಾರೀಖು ಬಂತು. ಅಂದು ಎಲ್ಲರ ಅರ್ಜಿಗಳನ್ನೂ ಒಟ್ಟಿಗೇ ಹಾಕಿಬಿಡುವುದೆಂದು ಆದಪ್ಪ ಬೆಳಿಗ್ಗೆಯೇ ಎಲ್ಲರನ್ನೂ ಕರೆಸಿದ್ದ. ಅವನು ವಿದಾಯದ ಭಾಷಣ ಮಾಡುತ್ತಿರುವಾಗ ಒಂದು ಜೀಪು ಬಂದು ನಿಂತಿತು. ಇಳಿದವನು ಕೃಷಿ ಇಲಾಖೆಯ ಅಧಿಕಾರಿ ವಿರೇಶ. ಪಾಮನಕಲ್ಲೂರಿನಿಂದ ಈ ಸಲ ಬೆಳೆವಿಮೆಗೆ ಅರ್ಜಿಗಳೇ ಬಂದಿಲ್ಲವಲ್ಲ ಎಂದು ಹುಡುಕಿಕೊಂಡು ಬಂದಿದ್ದ.

"ದಾವಲ್ ಕಾಕಾ, ಏನು ನಡದೈತಿ ಇಲ್ಲಿ?"

"ಬೆಳಿ ಇನ್ಶೂರೆನ್ಸಿಂದು ಟ್ರೇನಿಂಗ್ ರೀ ಸಾಹೇಬ್ರ. ನಿಮ್ದ ಅಲ್ಲೇನ್ರೀ?"

ಆದಪ್ಪ ನಕ್ಕ. "ಅಲ್ಲ ಬಿಡ್ರಿ ಸರ್. ಕಾಕಾ ಚ್ಯಾಷ್ಟಿ ಮಾಡಾಕತ್ತಾನ. ಇವರೆಲ್ಲಾ ಲಾ ಎಂಟ್ರೆನ್ಸ್ ಬರಿಯಾಕತ್ತಾರ."

"ಯಾರು ಬರಿಯಾಕತ್ತಾರ?" ಎಂದ ದಾವಲ್‌ಸಾಬ್.

"ನೀವು."

"ನಾನಾ? ನನಗ ಸಹಿ ಮಾಡಾಕ ಬರೋದ ಹೋದ ವರ್ಷದಿಂದ!"

ವಿರೇಶ ಕಪಾಟಿನ ಚೀಲಗಳನ್ನು ಬಿಚ್ಚಿದ. ಪಹಣಿ, ಪಾಸ್‌ಬುಕ್, ಜೋಳದ ಹೊಲದ ಸರ್ವೆ ನಂಬರು. ಆದಪ್ಪ ಅವುಗಳನ್ನು ಮೊದಲ ಬಾರಿಗೆ ಕಂಡ. ಹೋಳಿಗೆಯಿಂದ ಇಲ್ಲಿಯವರೆಗೆ ನಡೆದದ್ದೆಲ್ಲ ಅವನಿಗೆ ಒಮ್ಮೆಲೇ ತಿಳಿಯಿತು.

"ಇವತ್ತ ಕೊನೀ ದಿನ," ಎಂದ ವಿರೇಶ. ಅವನ ಧ್ವನಿಯಲ್ಲಿ ರೀ ಇರಲಿಲ್ಲ. "ಇವು ಹೋಗಲಿಲ್ಲ ಅಂದ್ರ, ನಾಳೆ ಮಳಿ ಹೆಚ್ಚಾಗಿ ಜೋಳ ಹೋದ್ರ, ಇವರಿಗೆಲ್ಲಾ ಕೊಡೋವ ನೀನ."

ಯಾರೋ ಹಿಂದಿನಿಂದ, "ಕೋಣದ ಮಾಲಕ ಕೊಡ್ಬೇಕು, ತಾನ ಹೇಳ್ಯಾನ!" ಎಂದು ಕೂಗಿದರು. ತನ್ನ ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದ್ದಕ್ಕೆ ಸಂತೋಷಪಡುವ ಸ್ಥಿತಿಯಲ್ಲಿ ಆದಪ್ಪ ಇರಲಿಲ್ಲ. ಉಮಾದೇವಿ ಮನೆಯಿಂದ ಓಡಿ ಬಂದಳು. ಗಂಡನ ಮುಖ ನೋಡಿ ಬೈಯುವುದನ್ನು ಸಂಜೆಗೆ ಮುಂದೂಡಿ, ಚೀಲಗಳನ್ನು ಉಡಿಗೆ ಹಾಕಿಕೊಂಡು, "ಅಜೀಮನ ಅಂಗಡಿಗೆ ನಡೀರಿ," ಎಂದು ಮುಂದೆ ನಡೆದಳು.

ಅಜೀಮನದು ಅರ್ಜಿ ಹಾಕುವ ಸಣ್ಣ ಆನ್‌ಲೈನ್ ಅಂಗಡಿ. ಒಂದು ಕಂಪ್ಯೂಟರು, ಒಂದು ಕುರ್ಚಿ. ಮಂದಿ ಮೆಟ್ಟಿಲಿನಿಂದ ರಸ್ತೆಯವರೆಗೆ ನಿಂತರು. ಆದಪ್ಪ ಓದಿ ಹೇಳಿದ, ಅಜೀಮ ಒತ್ತಿದ, ವಿರೇಶ ಪಕ್ಕದಲ್ಲಿ ನಿಂತು ತಪ್ಪು ಹಿಡಿದ. ನಡುವೆ ಸರ್ವರ್ ನಿಂತಿತು, ಒಟಿಪಿ ಬರಲಿಲ್ಲ. ಬಾಬುಸಾಬನ ಮೊಬೈಲು ಊರಿನಲ್ಲಿ ಸೊಸೆಯ ಕೈಯಲ್ಲಿ ಉಳಿದು, ಆಕೆ ಅದನ್ನು ಎಮ್ಮೆ ಕಟ್ಟಲು ಹೋದಲ್ಲಿಗೆ ಒಯ್ದಿದ್ದಳು. ಆದಪ್ಪ ಊಟಕ್ಕೆ ಏಳಲಿಲ್ಲ, ನೀರು ಕೇಳಲಿಲ್ಲ. ತನ್ನ ಜೀವಮಾನದಲ್ಲಿ ಮೊದಲ ಸಲ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಕೇಳಿ ತಿಳಿದುಕೊಂಡು ಬರೆಸಿದ.

ಸಂಜೆ ಕರೆಂಟು ಹೋಯಿತು. ಅಜೀಮ ಬ್ಯಾಟರಿ ನೋಡಿ ಹೇಳಿದ: "ಅಣ್ಣ, ಇದು ಇನ್ನ ಒಂದ ಅರ್ಜಿಗೆ ಸಾಕಾಗ್ತೈತಿ. ಉಳಿದಾವು ಎರಡು. ಬಾಬುಸಾಬ್ ಕಾಕಾಂದು ಒಂದು. ನಿಮ್ಮ ಲಾ ಪರೀಕ್ಷಾದ್ದು ಒಂದು. ಯಾವುದು ಹಾಕ್ಲಿ?"

ಎಲ್ಲರೂ ಆದಪ್ಪನನ್ನೇ ನೋಡಿದರು. ಆದಪ್ಪ ನಿಧಾನಕ್ಕೆ ಎದ್ದು ನಿಂತ.

"ಕಾಕಾಂದು ಹಾಕು. ನನ್ನ ಕನಸು ಏನರ ಆಗ್ಲಿ. ರೈತ ಉಳೀಬೇಕು."

ಬೆಳಿಗ್ಗೆ ಕೋಣದ ಮಾಲಕ ಎಂದು ಕೂಗಿದವನೇ ಈಗ ಮುಂದೆ ಬಂದು ಆದಪ್ಪನ ಕೈ ಹಿಡಿದ. ದಾವಲ್‌ಸಾಬ್ ಟವೆಲಿನಿಂದ ಕಣ್ಣೊರೆಸಿಕೊಂಡ. ವಿರೇಶನೂ ಈಗ ರೀ ಹಚ್ಚಿ ಮಾತಾಡಿದ. ನಾವು ಮಾತ್ರ ಒಂದು ನಿಜ ಹೇಳಿಬಿಡಬೇಕು. ಆ ಕ್ಷಣದಲ್ಲಿ ಆದಪ್ಪನ ಎದೆ ಖಾಲಿಯಾದ ಪಂಪಿನಷ್ಟು ಹಗುರವಾಗಿತ್ತು. ಪರೀಕ್ಷೆಯೂ ತಪ್ಪಿತು, ತ್ಯಾಗಿ ಎಂಬ ಹೆಸರೂ ಬಂತು, ಅಮರೇಶನಿಗೆ ಹೇಳಲು ಮಾತೂ ಸಿಕ್ಕಿತು. ಇಷ್ಟು ಒಳ್ಳೆಯ ಸಂಜೆ ಅವನಿಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಅದೇ ಹೊತ್ತಿಗೆ ಲಿಂಗಸುಗೂರು ಬಸ್ಸಿನಿಂದ ಇಳಿದ ದೀಪಿಕಾ ಮಂದಿಯನ್ನು ಸರಿಸಿಕೊಂಡು ಒಳಗೆ ಬಂದಳು. ಸಂಗತಿ ಕೇಳಿ ಅವಳಿಗೂ ಅಪ್ಪನ ಮೇಲೆ ಅಭಿಮಾನ ಉಕ್ಕಿತು.

"ಚಿಂತಿ ಮಾಡಬ್ಯಾಡ ಅಪ್ಪ," ಎಂದಳು. "ನಾ ನಂದು ಹಾಕೋ ಮುಂದ ನಿಂದೂ ಹಾಕೀನಿ. ಹೋದ ವಾರನ ಆಗೈತಿ."

ಪಾಮನಕಲ್ಲೂರಿನವರು ಕೇಕೆ ಹಾಕಿದರು. ಆದಪ್ಪನಿಗೆ ಅಜೀಮ ತನ್ನ ಕುರ್ಚಿ ಬಿಟ್ಟುಕೊಡಬೇಕಾಯಿತು.

ಪರೀಕ್ಷೆ ಡಿಸೆಂಬರಿನಲ್ಲಿ, ಕಲಬುರಗಿಯಲ್ಲಿ. ತಂದೆ ಮಗಳು ಕೂಡಿಯೇ ಹೋದರು. ದೀಪಿಕಾ ಹುಡುಗಿಯರ ಸಾಲಿನಲ್ಲಿ ಒಳಗೆ ಹೋದಳು. ಇಸ್ತ್ರಿ ಅಂಗಿ, ಕನ್ನಡಕ, ನರೆತ ಮೀಸೆಯ ಆದಪ್ಪನನ್ನು ಕಂಡ ಬಾಗಿಲಿನವನು ಮೇಲಿಂದ ಬಂದ ತಪಾಸಣೆಯ ಅಧಿಕಾರಿಯೆಂದು ಸಲಾಮು ಹೊಡೆದು ಮುಖ್ಯಸ್ಥರ ಕೋಣೆಗೆ ಕರೆದೊಯ್ದ. ಅಲ್ಲಿ ಚಹಾ ಬಂತು, ತಟ್ಟೆ ತುಂಬ ಬಿಸ್ಕತ್ತು ಬಂತು.

"ಸರ್, ಯಾವ ಕೋಣೆಯಿಂದ ನೋಡ್ತೀರಿ?" ಎಂದರು ಮುಖ್ಯಸ್ಥರು.

"ನನಗ ಯಾವುದು ಬಂದೈತೋ ನೋಡಬೇಕ್ರೀ. ಬರಿಯಾಕ ಬಂದೀನಿ."

"ವರದಿನಾ ಸರ್?"

"ಅಲ್ರೀ, ಪರೀಕ್ಷಾ," ಎಂದು ಆದಪ್ಪ ಪ್ರವೇಶಪತ್ರ ತೆಗೆದು ತೋರಿಸಿದ.

ಮುಖ್ಯಸ್ಥರು ಅದರ ಫೋಟೋ ನೋಡಿದರು, ಇವನ ಮುಖ ನೋಡಿದರು, ಬಿಸ್ಕತ್ತಿನ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

ಗೊತ್ತಿಲ್ಲದ್ದಕ್ಕೆ ಕೈ ಹಚ್ಚಬೇಡ ಎಂದು ಮಗಳು ಹೇಳಿದ್ದಳು. ಆದಪ್ಪ ಹಾಗೆಯೇ ಮಾಡಿದ. ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತ. ಫಲಿತಾಂಶ ಬಂದಾಗ ಅವನಿಗೆ ಏಳೂ ಮುಕ್ಕಾಲು ಅಂಕ ಸಿಕ್ಕಿತ್ತು. ಸೊನ್ನೆಗಿಂತ ಏಳೂ ಮುಕ್ಕಾಲು ಮೇಲೆ! ದೀಪಿಕಾಳಿಗೆ ಒಳ್ಳೆಯ ಕಾನೂನು ಶಾಲೆಯೊಂದರಲ್ಲಿ ಸೀಟೇ ಸಿಗುವಷ್ಟು ಅಂಕ ಬಂದಿತ್ತು. ಉಮಾದೇವಿ ಮಗಳನ್ನು ತಬ್ಬಿ ಅತ್ತಳು. ಗಂಡನಿಗೆ, "ನಿಮಗ ಇಷ್ಟರ ಬಂತಲ್ಲ," ಎಂದು ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದಳು.

ಆದರೆ ಪಾಮನಕಲ್ಲೂರಿನವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅವರು ಅಜೀಮನಿಂದ ದೊಡ್ಡದೊಂದು ಫ್ಲೆಕ್ಸ್ ಮಾಡಿಸಿ ಆದಪ್ಪನ ಅಂಗಡಿಯ ನೆತ್ತಿಯ ಮೇಲೆ ಕಟ್ಟಿಸಿದರು. ನಡುವೆ ಕರಿಕೋಟು ತೊಟ್ಟ ಯಾರದೋ ಮೈಗೆ ಆದಪ್ಪನ ತಲೆ. ಮೂಲೆಯಲ್ಲಿ ಅಂಚೆಚೀಟಿಯಷ್ಟು ದೀಪಿಕಾ. ಕೆಳಗೆ ದಪ್ಪಕ್ಷರದಲ್ಲಿ: "ಲಾ ಪರೀಕ್ಷೆಯಲ್ಲಿ ಏಳೂ ಮುಕ್ಕಾಲು ಅಂಕ ಗಳಿಸಿ ಮಸ್ಕಿಗೆ ಕೀರ್ತಿ ತಂದ ಆದಪ್ಪನವರಿಗೆ ಅಭಿನಂದನೆಗಳು."

ಫ್ಲೆಕ್ಸಿನ ಫೋಟೋ ಅಮರೇಶನ ಮೊಬೈಲಿಗೂ ಮುಟ್ಟಿ, ಅಂದೇ ಲಿಂಗಸುಗೂರಿನಿಂದ ಅವನ ಫೋನು ಬಂತು. "ಮಾವ, ವಕೀಲರಲ್ಲದವರು ಕರಿಕೋಟು ಹಾಕ್ಕೊಂಡು ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರಬಾರದು. ಯಾರರ ಕಂಪ್ಲೇಂಟ್ ಕೊಟ್ರ ನಾನೂ ಏನೂ ಮಾಡಾಕ ಬರಂಗಿಲ್ಲ."

ಆದಪ್ಪ ಮಗಳ ಮುಖ ನೋಡಿದ. "ಕೇಸ್ ಆಗ್ತೈತೋ ಇಲ್ಲೋ, ತಪ್ಪಂತೂ ಹೌದು," ಎಂದಳು ದೀಪಿಕಾ.

ಫ್ಲೆಕ್ಸ್ ಬಿಚ್ಚಿದರೆ ದಾವಲ್‌ಸಾಬ್ ನೊಂದುಕೊಂಡಾನು. ಬಿಟ್ಟರೆ ಕಾನೂನು ಬಿಡದು. ಎರಡಕ್ಕೂ ಮಾನ ಉಳಿಯುವ ದಾರಿಯನ್ನು ಆದಪ್ಪ ತಾನೇ ಯೋಚಿಸಿದ. ಅಂಗಡಿಯ ಗೋಡೆಗೆ ಹಚ್ಚಿ ಉಳಿದಿದ್ದ ಬಿಳಿ ಬಣ್ಣ ತಂದು, ಏಣಿ ಹಾಕಿ ಹತ್ತಿ, ಕರಿಕೋಟನ್ನು ಕತ್ತಿನಿಂದ ಮೊಣಕಾಲಿನವರೆಗೆ ಬಿಳಿ ಬಳಿದುಬಿಟ್ಟ. ಬಣ್ಣ ಒಂದಿಷ್ಟು ಸುರಿದು ಕೆಳಗಿನ ಅಕ್ಷರಗಳೂ ಅಲ್ಲಲ್ಲಿ ಮುಚ್ಚಿಹೋದವು. ಇನ್ನು ಯಾವ ಕೋರ್ಟೂ ತನ್ನನ್ನು ಏನೂ ಮಾಡಲಾರದೆಂದು ನೆಮ್ಮದಿಯಿಂದ ಮಲಗಿದ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಬಳಗಾನೂರಿನ ಇಮಾಮ್‌ಬೀ ಎಂಬ ಮುದುಕಿ ಮೊಮ್ಮಗಳನ್ನು ಕರೆದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು.

"ಏನಾಗ್ಬೇಕವ್ವ? ಪಂಪು ಕೆಟ್ಟೈತೇನು?"

"ಪಂಪಲ್ಲ ಬೇಟಾ, ಕೆಮ್ಮು," ಎಂದಳು ಇಮಾಮ್‌ಬೀ. "ದವಾಖಾನಿಗಂತ ನಸುಕಿನ ಬಸ್ಸಿಗೇ ಬಂದೆ. ಏಳೂ ಮುಕ್ಕಾಲಕ್ಕ ಕೂಡ್ತೀರಂತ ಮ್ಯಾಲ ಬರದೈತಂತಲ್ಲ, ಈ ಹುಡುಗಿ ಓದಿ ಹೇಳಿದ್ಲು."

ಆದಪ್ಪ ತಲೆಯೆತ್ತಿ ಫ್ಲೆಕ್ಸ್ ನೋಡಿದ. ದಪ್ಪಕ್ಷರಗಳಲ್ಲಿ 'ಏಳೂ ಮುಕ್ಕಾಲು' ಮತ್ತು 'ಆದಪ್ಪನವರಿಗೆ' ಎಂಬೆರಡೇ ಬಣ್ಣಕ್ಕೆ ಸಿಗದೆ ಉಳಿದಿದ್ದವು. ಬಿಳಿಕೋಟು ತೊಟ್ಟ ಆದಪ್ಪ ಮೇಲಿನಿಂದ ಗಂಭೀರವಾಗಿ ಅವನನ್ನು ನೋಡುತ್ತಿದ್ದ. ತಾನು ಡಾಕ್ಟರಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುದುಕಿ ಕಣ್ಣು ಮುಚ್ಚಿ, ಬಹಳ ನಂಬಿಕೆಯಿಂದ ನಾಲಗೆ ಚಾಚಿಬಿಟ್ಟಳು. ಇಷ್ಟು ದೂರದಿಂದ ಬಂದವಳು ನೊಂದುಕೊಂಡಾಳೆಂದು ಆದಪ್ಪ ಸುಮ್ಮನೆ ಒಂದು ಸಲ ಬಗ್ಗಿ ನೋಡಿದ.

"ಹ್ಞೂಂ," ಎಂದ.

"ಅಪ್ಪಾ!" ಎಂದು ಎದುರಿನ ನಿಲ್ದಾಣದಲ್ಲಿ ಕಾಲೇಜಿನ ಬಸ್ಸಿಗೆ ನಿಂತಿದ್ದ ದೀಪಿಕಾ ಕಿರುಚಿದಳು.